ಮಗಳಿಗೆ ಟೆಲಿಸ್ಕೋಪ್ ಬೇಕಂತೆ, ಎಲ್ಲಿಂದ ಶುರು ಮಾಡಲಿ?

ರೋಣದವನು:
ಎಲ್ಲರಿಗೂ ನಮಸ್ಕಾರ. ನಮ್ಮದು ರೋಣದ ಹತ್ತಿರ ಒಂದು ಹಳ್ಳಿ, ಒಕ್ಕಲುತನ. ಮಗಳು ಎಂಟನೇ ಕ್ಲಾಸು. ಚಂದ್ರಯಾನ 3 ಇಳಿದಿದ್ದನ್ನು ಟೀವಿಯಲ್ಲಿ ನೋಡಿದಾಗಿನಿಂದ ಅವಳಿಗೆ ಆಕಾಶದ ಹುಚ್ಚು ಹತ್ತಿದೆ. ರಾತ್ರಿ ಮಾಳಿಗೆ ಮೇಲೆ ಮಲಗಿ "ಅಪ್ಪಾ, ಅದು ಯಾವ ಚುಕ್ಕಿ" ಅಂತ ಕೇಳುತ್ತಾಳೆ, ನನಗೆ ಗೊತ್ತಿರುವುದು ಬೆಳ್ಳಿಚುಕ್ಕಿ ಒಂದೇ. ಆನ್‌ಲೈನ್‌ನಲ್ಲಿ ನಾಲ್ಕೈದು ಸಾವಿರಕ್ಕೆ ಟೆಲಿಸ್ಕೋಪ್ ಸಿಗುತ್ತಿದೆ, 525 ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ ಬರೆದಿದ್ದಾರೆ. ತಗೋಬಹುದಾ? ಫೋನಿನಲ್ಲೇ ಕಲಿಯೋಕೆ ಏನಿದೆ? ದೊಡ್ಡ ದೂರದರ್ಶಕ ಇರುವ ಕಡೆ ನಮ್ಮಂಥವರನ್ನು ಒಳಗೆ ಬಿಡ್ತಾರಾ?

ಶಿರಸಿ ರಾತ್ರಿ:
ಅಣ್ಣಾ, ದಯವಿಟ್ಟು ಅದನ್ನು ತಗೋಬೇಡಿ. ನಾನು ಅಂಥದ್ದೇ ಒಂದು ತರಿಸಿದ್ದೆ, 60 ಮಿಲಿಮೀಟರ್ ಅಗಲದ ಗಾಜಿನದು. ಗಾಜು ಎಷ್ಟು ಮಿಲಿಮೀಟರ್ ಇದೆಯೋ ಅದರ ಎರಡು ಪಟ್ಟು ದಾಟಿದರೆ ಚಿತ್ರ ಬರೀ ಮಸುಕಾಗುತ್ತದೆ, ಅಂದರೆ 120 ಪಟ್ಟಿಗೇ ಅದರ ಕಥೆ ಮುಗಿಯಿತು, 525 ಎಲ್ಲಿಂದ ಬರಬೇಕು? ಅದಕ್ಕಿಂತ ಜಾಸ್ತಿ ಬೇಜಾರು ಕೊಟ್ಟಿದ್ದು ಸ್ಟ್ಯಾಂಡು. ಮುಟ್ಟಿದರೆ ಸಾಕು, ಚಂದ್ರ ಕುಣಿಯುತ್ತಾನೆ. ನಮ್ಮ ತಮ್ಮ ಎರಡೇ ದಿನಕ್ಕೆ ನೋಡೋದೇ ಬಿಟ್ಟ, ನನಗೆ ದುಡ್ಡಿಗಿಂತ ಅದೇ ಹೊಟ್ಟೆ ಉರಿಸಿತು.

ಅದರ ಬದಲು 10x50 ಬೈನಾಕ್ಯುಲರ್ ನೋಡಿ, ಅಂದರೆ 10 ಪಟ್ಟು ದೊಡ್ಡದಾಗಿ ತೋರಿಸುವ, 50 ಮಿಲಿಮೀಟರ್ ಅಗಲದ ಗಾಜಿನದು. ಮೊಣಕೈಯನ್ನು ಮಾಳಿಗೆ ಗೋಡೆಗೆ ಒತ್ತಿ ಹಿಡಿದರೆ ಗುರುವಿನ ನಾಲ್ಕು ಚಂದ್ರರೂ ಕಾಣುತ್ತಾರೆ. ನಾಳೆ ರಾತ್ರಿ ಮತ್ತೆ ನೋಡಿ, ಜಾಗ ಬದಲಾಗಿರುತ್ತೆ! ಚಂದ್ರನನ್ನು ಹುಣ್ಣಿಮೆ ದಿನ ನೋಡಬೇಡಿ, ಶುಕ್ಲ ಪಕ್ಷದ ಸಪ್ತಮಿ ಅಷ್ಟಮಿಗೆ ನೋಡಿ. ಬೆಳಕು ಕತ್ತಲು ಸೇರುವ ಗೆರೆಯ ಮೇಲೆ ಕುಳಿಗಳ ನೆರಳು ಬಿದ್ದು ಎದ್ದು ಕಾಣುತ್ತವೆ. ಸಣ್ಣ ಚುಕ್ಕಿಗಳಿಗೆ ಅಮಾವಾಸ್ಯೆ ವಾರ. ಗೋಡೆ ಮೇಲಿನ ಕ್ಯಾಲೆಂಡರೇ ಸಾಕು. ಸೂರ್ಯನ ಕಡೆ ಮಾತ್ರ ಬೈನಾಕ್ಯುಲರ್ ತಿರುಗಿಸಲೇ ಕೂಡದು, ಕಣ್ಣು ಹೋಗುತ್ತೆ. ಮಗಳಿಗೆ ಇದನ್ನು ಮೊದಲೇ ಹೇಳಿಬಿಡಿ.

ಹಾವೇರಿ ಮೇಷ್ಟ್ರು:
ನೀವು ಬೆಳ್ಳಿಚುಕ್ಕಿ ಒಂದೇ ಗೊತ್ತು ಅಂತೀರಿ, ನಾನು ಒಪ್ಪುವುದಿಲ್ಲ. ಒಕ್ಕಲುತನದವರು ನೀವು, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ ಎಲ್ಲಾ ಮಳೆ ಹೆಸರು ಬಾಯಲ್ಲೇ ಇರುತ್ತವೆ ಅಲ್ವಾ? ಅವೆಲ್ಲ ಆಕಾಶದಲ್ಲಿ ಇರುವ ನಿಜವಾದ ಚುಕ್ಕಿಗಳೇ. ಈಗ ಡಿಸೆಂಬರ್. ರಾತ್ರಿ ಒಂಬತ್ತಕ್ಕೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಸಾಲಾಗಿ ಮೂರು ಚುಕ್ಕಿ ಕಾಣುತ್ತವೆ. ಆ ಸಾಲನ್ನೇ ಮೇಲಕ್ಕೆ ಎಳೆದರೆ ಕೆಂಪಗಿನ ರೋಹಿಣಿ, ಇನ್ನೂ ಮುಂದೆ ಹೋದರೆ ಗೊಂಚಲಾಗಿ ಕೃತ್ತಿಕೆ. ಕೆಳಗೆ ಎಳೆದರೆ ಲುಬ್ಧಕ, ರಾತ್ರಿ ಆಕಾಶದ ನಕ್ಷತ್ರಗಳಲ್ಲೇ ಹೆಚ್ಚು ಹೊಳೆಯುವುದು. ಮೂರು ಚುಕ್ಕಿಯ ಎಡಕ್ಕಿರುವ ಕೆಂಪು ಚುಕ್ಕಿ ಆರಿದ್ರ.

ಈಗ ಮಗಳಿಗೆ ಒಂದು ಪ್ರಶ್ನೆ ಕೊಡಿ: "ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ" ಅಂತೀವಲ್ಲ, ಆ ಮಳೆಯ ಹೊತ್ತಿಗೆ ರೋಹಿಣಿ ಚುಕ್ಕಿ ಯಾಕೆ ಕಾಣುವುದಿಲ್ಲ? ಉತ್ತರ ಹೇಳಬೇಡಿ. ಯಾವ ಹೊತ್ತಿನ ಆಕಾಶವನ್ನಾದರೂ ತೋರಿಸುವ ಸ್ಟೆಲೇರಿಯಂ ಅಂತ ಇದೆ, ಪುಕ್ಕಟೆ, ಫೋನಿನ ಬ್ರೌಸರಿನಲ್ಲೂ ತೆರೆಯುತ್ತೆ. ಅದರಲ್ಲಿ ನಿಮ್ಮ ಊರು ಹಾಕಿ, ತಾರೀಖು ಮೇ 31, ಹೊತ್ತು ಮಧ್ಯಾಹ್ನ ಇಟ್ಟು, ಹಗಲಲ್ಲೂ ಚುಕ್ಕಿ ಕಾಣುವಂತೆ ವಾತಾವರಣ ಆಫ್ ಮಾಡಲು ಹೇಳಿ. ಅವಳೇ ನೋಡಲಿ.

ಇನ್ನೊಂದು. ಕೈ ಉದ್ದಕ್ಕೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ನಿಮ್ಮೂರಲ್ಲಿ ಧ್ರುವ ನಕ್ಷತ್ರ ಉತ್ತರದ ನೆಲದಂಚಿಂದ ಒಂದೂವರೆ ಮುಷ್ಟಿ ಮೇಲಿರುತ್ತೆ, ಏಕೆಂದರೆ ನಿಮ್ಮೂರಿನ ಅಕ್ಷಾಂಶ ಹೆಚ್ಚುಕಮ್ಮಿ ಅಷ್ಟೇ.

ಕೋಲಾರದವಳು:
ಅಣ್ಣ, ಒಳಗೆ ಬಿಡ್ತಾರೆ! ತಮಿಳುನಾಡಿನ ಜವ್ವಾದಿ ಬೆಟ್ಟದಲ್ಲಿ ಕಾವಲೂರು ಅಂತ ಇದೆ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ವೇಣು ಬಾಪ್ಪು ವೀಕ್ಷಣಾಲಯ. ಶನಿವಾರ ಜನರಿಗೆ ತೆರೆದಿರುತ್ತೆ, ಆದರೆ ಹೊರಡುವ ಮುಂಚೆ ಅವರ ವೆಬ್‌ಸೈಟ್ ನೋಡಿಯೇ ಹೊರಡಿ, ಮಳೆಗಾಲದಲ್ಲಂತೂ ಹೋಗಿ ಪ್ರಯೋಜನವಿಲ್ಲ. ನಾವು ಫೆಬ್ರವರಿಯಲ್ಲಿ ಹೋಗಿದ್ವಿ. ಅಲ್ಲಿನ ದೊಡ್ಡ ದೂರದರ್ಶಕದ ಕನ್ನಡಿ 2.34 ಮೀಟರ್ ಅಗಲ, 1986ರಿಂದ ಕೆಲಸ ಮಾಡುತ್ತಿದೆ. ಅದರಲ್ಲಿ ನಮಗೆ ಕಣ್ಣಿಟ್ಟು ನೋಡೋಕೆ ಕೊಡೋದಿಲ್ಲ, ಅದು ಸಂಶೋಧನೆಯದು. ಜನರಿಗೆ ಬೇರೆ ಚಿಕ್ಕದರಲ್ಲಿ ತೋರಿಸುತ್ತಾರೆ. ಒಂದು ಗಂಟೆ ಮೋಡ ಮುಚ್ಚಿಕೊಂಡಿತ್ತು, ಚಳಿಗೆ ಸ್ವೆಟರ್ ಎಳೆದುಕೊಂಡು ಕಾದೆವು. ಕೊನೆಗೆ ಸರತಿ ಬಂತು, ಮೇಷ್ಟ್ರು ಹೇಳಿದ ಮೂರು ಚುಕ್ಕಿ ಸಾಲಿನ ಕೆಳಗಿನ ನೀಹಾರಿಕೆ, ಅಂದರೆ ಅನಿಲ ದೂಳಿನ ಮೋಡ, ಬೂದಿ ಬಣ್ಣದ ಹೊಗೆ ಥರ, ಅದರೊಳಗೆ ನಾಲ್ಕು ಚುಕ್ಕಿ ಒತ್ತೊತ್ತಾಗಿ. ಫೋಟೋದಲ್ಲಿರುವ ಗುಲಾಬಿ ಬಣ್ಣ ಕಣ್ಣಿಗೆ ಕಾಣಲ್ಲ, ಮಗಳಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ. ಯುರೇನಸ್‌ಗೆ ಉಂಗುರಗಳಿವೆ ಅಂತ 1977ರಲ್ಲಿ ಗೊತ್ತಾಯ್ತಲ್ಲ, ಆ ರಾತ್ರಿ ಕಾವಲೂರಿನ 1 ಮೀಟರ್ ದೂರದರ್ಶಕವೂ ನೋಡುತ್ತಿತ್ತು. ಯುರೇನಸ್ ಮರೆಮಾಡುವ ಮೊದಲೇ ಒಂದು ನಕ್ಷತ್ರ ಕ್ಷಣಕಾಲ ಮಂಕಾಗಿದ್ದನ್ನು ಅಲ್ಲಿಂದಲೂ ದಾಖಲಿಸಿದ್ದರು.

ರೋಣದಿಂದ ಅದು ದೂರವೇ. ಬೆಂಗಳೂರಿಗೆ ಬಂದಾಗ ನೆಹರು ತಾರಾಲಯ ತೋರಿಸಿ, ಕನ್ನಡದಲ್ಲೂ ಪ್ರದರ್ಶನ ಇರುತ್ತೆ. ಇಂಗ್ಲಿಷ್ ಸ್ವಲ್ಪ ಬಂದರೆ ಝೂನಿವರ್ಸ್ ಅನ್ನೋ ವೆಬ್‌ಸೈಟ್ ನೋಡಲಿ, ಗೆಲಾಕ್ಸಿ ಚಿತ್ರಗಳನ್ನು ನಾವೇ ವಿಂಗಡಿಸಿ ವಿಜ್ಞಾನಿಗಳಿಗೆ ಸಹಾಯ ಮಾಡಬಹುದು. 2007ರಲ್ಲಿ ಇಂಥದ್ದೇ ಗೆಲಾಕ್ಸಿ ಝೂನಲ್ಲಿ ನೆದರ್ಲೆಂಡ್ಸಿನ ಒಬ್ಬ ಶಾಲಾ ಟೀಚರ್ ಯಾರೂ ಗಮನಿಸದ ಒಂದು ಅನಿಲದ ಮೋಡವನ್ನು ಗುರುತಿಸಿದರು.

ರೋಣದವನು:
ಮೇಷ್ಟ್ರೇ, ಅಕ್ಕಾರೇ, ಶಿರಸಿ ತಮ್ಮಾ, ತುಂಬಾ ಉಪಕಾರ ಆಯ್ತು. ಟೆಲಿಸ್ಕೋಪ್ ಬಿಟ್ಟೆ. ನಿನ್ನೆ ರಾತ್ರಿ ಮುಷ್ಟಿ ಹಿಡಿದು ಅಳೆದೆವು, ಒಂದೂವರೆಗೆ ಸರಿಯಾಗಿ ಧ್ರುವ ಸಿಕ್ಕಿತು. ಆಮೇಲೆ ಫೋನಿನಲ್ಲಿ ಮೇ 31 ಹಾಕಿದಳು. ಒಂದು ನಿಮಿಷ ಸುಮ್ನೆ ನೋಡಿ, ಕೆಳಗಿಳಿದು ಓಡಿದಳು. ಹಾಸಿಗೆಯಲ್ಲಿದ್ದ ಅಜ್ಜನನ್ನು ಎಬ್ಬಿಸಿ, "ಅಜ್ಜಾ, ರೋಹಿಣಿ ಮಳಿ ಹೊತ್ನಾಗ ಸೂರ್ಯ ರೋಹಿಣಿ ಬಾಜೂಕ ನಿಂತಿರ್ತಾನ, ಅದಕ್ಕ ಚುಕ್ಕಿ ಕಾಣಂಗಿಲ್ಲ" ಅಂದಳು. ನಮ್ಮಪ್ಪ ಎದ್ದು ಕೂತು, "ಹಂಗಾದ್ರ ಈಗ ಎಲ್ಲೈತಿ ತೋರಿಸು" ಅಂತ ಕೋಲು ಹಿಡಿದು ಹೊರಗೆ ಬಂದರು.