ಬೇಸಿಗೆಯಲ್ಲಿ ಕೇಟಿ ಟ್ರೇಲ್ ನಡಿಗೆ, ಜೊತೆಗೆ ಹಕ್ಕಿ ನೋಡುವುದು: ಹೋಗಿ ಬಂದವರು ಹೇಳಿ

ಪ್ರಶ್ನೆ: ಜೂನ್ ಕೊನೆಯಲ್ಲಿ ಅಮೆರಿಕದ ಮಿಸೌರಿ ರಾಜ್ಯದಲ್ಲಿರುವ ಕೇಟಿ ಟ್ರೇಲ್ ಎಂಬ ನಡಿಗೆ-ಸೈಕಲ್ ದಾರಿಯಲ್ಲಿ ಕೆಲವು ದಿನ ನಡೆಯಬೇಕು ಅಂತಿದ್ದೇನೆ. ಹಕ್ಕಿ ನೋಡುವುದೇ ಮುಖ್ಯ. ಆ ಸೆಕೆಯಲ್ಲಿ ಇದು ಆಗುವ ಮಾತಾ? ದಿನಕ್ಕೆ ಎಷ್ಟು ದೂರ ಇಟ್ಟುಕೊಳ್ಳಲಿ?

ಉತ್ತರ: ಖಂಡಿತ ಆಗುತ್ತದೆ, ಆದರೆ ದೂರದ ಆಸೆ ಬಿಡಿ. ಪೂರ್ತಿ ದಾರಿ ಸುಮಾರು 386 ಕಿ.ಮೀ. ಹಳೆಯ ರೈಲು ಹಾದಿ ಆಗಿರುವುದರಿಂದ ಏರಿಳಿತ ತೀರಾ ಕಡಿಮೆ, ಕಾಲಡಿ ಸುಣ್ಣಕಲ್ಲಿನ ಪುಡಿ. ಸಲೀಸು ಅನ್ನಿಸಿ ಜಾಸ್ತಿ ನಡೆದುಬಿಡುತ್ತೇವೆ, ಅದೇ ತೊಂದರೆ. ಹಕ್ಕಿ ನೋಡುವ ದಿನ ನಾನು 15 ಕಿ.ಮೀ. ದಾಟುವುದಿಲ್ಲ. ಹತ್ತೂವರೆಯೊಳಗೆ ಅಷ್ಟೂ ಮುಗಿದಿರಬೇಕು.

ಇನ್ನೊಂದು ವಿಷಯ, ಪೂರ್ವದಿಂದ ಪಶ್ಚಿಮಕ್ಕೆ ನಡೆಯಿರಿ. ಬೆಳಿಗ್ಗೆ ಬಿಸಿಲು ಬೆನ್ನಿಗೆ, ಬೆಳಕು ಹಕ್ಕಿಯ ಮೇಲೆ. ಇಂಡಿಗೋ ಬಂಟಿಂಗ್ ಎಂಬ ಪುಟ್ಟ ನೀಲಿ ಹಕ್ಕಿಯನ್ನು ನೋಡಲು ಇದು ಬೇಕೇ ಬೇಕು. ಗಂಡಿನ ಆ ನೀಲಿ ಗರಿಯೊಳಗಿನ ಬಣ್ಣದ ವಸ್ತುವಿನಿಂದ ಬಂದದ್ದಲ್ಲ, ಗರಿಯ ರಚನೆಯಲ್ಲಿ ಬೆಳಕು ಚದುರಿ ಹಾಗೆ ಕಾಣುತ್ತದೆ. ಎದುರು ಬಿಸಿಲಲ್ಲಿ ನೋಡಿದರೆ ಯಾವುದೋ ಕಪ್ಪು ಗುಬ್ಬಿ ಅಂದುಕೊಂಡು ಮುಂದೆ ಹೋಗುತ್ತೀರಿ. ಬೆಳಕು ಸರಿಯಾಗಿ ಬಿದ್ದರೆ ತಲೆಯ ಕಡುನೀಲಿ, ಮೈಯ ತಿಳಿನೀಲಿ ಎರಡೂ ಬೇರೆಬೇರೆ ಕಾಣುತ್ತವೆ. ಹುಡುಕುವ ಕಷ್ಟವೂ ಇಲ್ಲ. ತಂತಿ ಮೇಲೋ ಮರದ ತುದಿಯಲ್ಲೋ ಕೂತು, ಒಂದೊಂದು ಸ್ವರವನ್ನೂ ಎರಡೆರಡು ಸಲ ಹಾಡುತ್ತಿರುತ್ತದೆ. ಉಳಿದ ಹಕ್ಕಿಗಳು ಸುಮ್ಮನಾದ ಮೇಲೂ ಇದರದ್ದು ನಡೆದೇ ಇರುತ್ತದೆ.

ಇನ್ನೊಬ್ಬರು: ದಿಕ್ಕಿನ ಮಾತು ಒಪ್ಪಿದೆ. ಆದರೆ ಹತ್ತೂವರೆಗೆ ಆಟ ಮುಗಿಯಿತು ಅನ್ನುವುದನ್ನು ಒಪ್ಪಲಾರೆ. ನಡೆಯುವುದು ನಿಲ್ಲಿಸಿ, ನೋಡುವುದು ನಿಲ್ಲಿಸಬೇಡಿ. ಹಳೆಯ ರೈಲು ಸೇತುವೆಯ ಹತ್ತಿರ ನೆರಳು ಹಿಡಿದು ಕೂತರೆ ಈಸ್ಟರ್ನ್ ಫೀಬಿ ಎಂಬ ಪುಟ್ಟ ಹಕ್ಕಿ ಸಿಗುವ ಸಂಭವ ಜಾಸ್ತಿ. ಸೇತುವೆಯ ಅಡಿಯಲ್ಲಿ ಕೆಸರು, ಪಾಚಿ ಮೆತ್ತಿ ಗೂಡು ಕಟ್ಟುತ್ತದೆ. ಬಾಲ ಆಡಿಸುತ್ತಾ ಕೂತು, ಹಾರಿ ಹುಳ ಹಿಡಿದು ಎಷ್ಟೋ ಸಲ ಅದೇ ಕೊಂಬೆಗೆ ವಾಪಸ್. ಗೂಡಿನ ಕೆಳಗೇ ಮಾತ್ರ ಕೂರಬೇಡಿ, ತಾಯಿ ಹಕ್ಕಿ ಹೆದರಿ ಹತ್ತಿರ ಬರುವುದಿಲ್ಲ.

ನದಿ ಬದಿಯಲ್ಲಿ ಹೆರಾನ್ (ಬಕ ಪಕ್ಷಿ) ಬಾಯಿ ತೆರೆದು ಗಂಟಲು ಪಟಪಟ ಅಲುಗಿಸುತ್ತಿದ್ದರೆ ಗಾಬರಿ ಬೇಡ. ಹಕ್ಕಿಗೆ ಬೆವರು ಗ್ರಂಥಿ ಇಲ್ವಲ್ಲ, ಅದು ಮೈ ತಣಿಸಿಕೊಳ್ಳುವ ರೀತಿ. ಬಿಸಿಗಾಳಿ ಏಳುವ ಹೊತ್ತಿಗೆ ತಲೆ ಎತ್ತಿದರೆ ಟರ್ಕಿ ವಲ್ಚರ್ ಎಂಬ ಹದ್ದುಗಳು. ರೆಕ್ಕೆ 'ವಿ' ಆಕಾರದಲ್ಲಿ ಎತ್ತಿ, ಬಡಿಯದೆ, ಅತ್ತಿತ್ತ ಓಲಾಡುತ್ತಾ ತೇಲುತ್ತವೆ.

ಮತ್ತೊಬ್ಬರು: ಬೈನಾಕ್ಯುಲರ್ 8x32 (ಎಂಟು ಪಟ್ಟು ಹತ್ತಿರ ತೋರಿಸುವ, 32 ಮಿ.ಮೀ. ಗಾಜಿನದು) ಸಾಕು. ಕುತ್ತಿಗೆ ಪಟ್ಟಿ ಬೆವರಿಗೆ ಉಜ್ಜಿ ಉರಿಯುತ್ತದೆ, ಹೆಗಲಿಗೆ ಹಾಕುವ ಹಾರ್ನೆಸ್ ಕೊಳ್ಳಿ. ಟೆಲಿಸ್ಕೋಪ್ ಹೊರಬೇಡಿ. ಬಿಸಿಲೇರಿದ ಮೇಲೆ ದೂರದ್ದೆಲ್ಲ ನೀರಿನೊಳಗೆ ಕಂಡಂತೆ ಕುಣಿಯುತ್ತದೆ, ಎಷ್ಟು ದುಡ್ಡಿನ ಗಾಜಾದರೂ ಅಷ್ಟೇ.

ಸೈಕಲ್‌ಗಳು ಹಿಂದಿನಿಂದ ಸದ್ದಿಲ್ಲದೆ ಬರುತ್ತವೆ. ಹಕ್ಕಿ ಕಂಡ ತಕ್ಷಣ ದಾರಿ ಮಧ್ಯೆ ನಿಲ್ಲದೆ ಬಲಬದಿಗೆ ಸರಿಯಿರಿ. ಹಾಗಂತ ಹುಲ್ಲಿಗೆ ಇಳಿಯಬೇಡಿ. ಅಲ್ಲಿ ಉಣ್ಣಿ ಇರುತ್ತವೆ, ಮೂರೆಲೆಯ ಪಾಯಿಸನ್ ಐವಿಯೂ ಇರುತ್ತದೆ, ಮುಟ್ಟಿದರೆ ದಿನಗಟ್ಟಲೆ ತುರಿಕೆ.

ನೀರು ಎಲ್ಲ ಟ್ರೇಲ್‌ಹೆಡ್‌ಗಳಲ್ಲೂ (ದಾರಿಗೆ ಸೇರಿಕೊಳ್ಳುವ ಜಾಗಗಳಲ್ಲೂ) ಸಿಗುವುದಿಲ್ಲ, ಮೊದಲೇ ನೋಡಿಕೊಳ್ಳಿ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಲೆಕ್ಕ ಇಡಿ, ಉಪ್ಪಿನಂಶವೂ ಬೇಕು. ತಲೆನೋವು, ವಾಕರಿಕೆ ಶುರುವಾದರೆ ಎಂಥ ಹಕ್ಕಿ ಎದುರಿಗಿದ್ದರೂ ಬಿಟ್ಟು ನೆರಳಿಗೆ ಹೋಗಿ. ಜೊತೆಯವರ ಮಾತು ತೊದಲಿದರೆ, ಗೊಂದಲವಾದರೆ ತಡ ಮಾಡದೆ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ.

ಮೊದಲು ಉತ್ತರಿಸಿದವರು: ಒಂದೇ ದಿನ ಸಿಕ್ಕರೆ ಮ್ಯಾಕ್‌ಬೇನ್‌ನಿಂದ ರೋಶ್‌ಪೋರ್ಟ್‌ಗೆ ನಡೆಯಿರಿ, ಸುಮಾರು 14 ಕಿ.ಮೀ. ಮ್ಯಾಕ್‌ಬೇನ್ ಪಕ್ಕದಲ್ಲೇ ಈಗಲ್ ಬ್ಲಫ್ಸ್ ಜೌಗು ಪ್ರದೇಶ ಇದೆ, ನೀರಹಕ್ಕಿ ನೋಡಲು ಬೆಳಗಿನ ಜಾವ ಅಲ್ಲಿ ಕಳೆಯಿರಿ. ಮುಂದೆ ಒಂದು ಕಡೆ ಮಿಸೌರಿ ನದಿ, ಇನ್ನೊಂದು ಕಡೆ ಸುಣ್ಣಕಲ್ಲಿನ ಬಂಡೆಗೋಡೆ. ರೋಶ್‌ಪೋರ್ಟ್ ದಾಟಿದ ಕೂಡಲೇ 1893ರ ರೈಲು ಸುರಂಗ. ಇದೇ ದಾರಿಯ ಸೆಡಾಲಿಯಾ ಊರಿನ ಕಡೆ ಬಯಲು ಜಾಸ್ತಿ, ಅಲ್ಲಿ ಡಿಕ್‌ಸಿಸಲ್ ಎಂಬ ಹುಲ್ಲುಗಾವಲಿನ ಹಕ್ಕಿ ಸಿಗಬಹುದು, ಆದರೆ ಜೂನ್‌ನಲ್ಲಿ ನಾನಾಗಿದ್ದರೆ ಮರಗಳಿರುವ ಈ ಭಾಗವನ್ನೇ ಆರಿಸುತ್ತೇನೆ.

ಟ್ರೇಲ್ ತೆರೆದಿರುವುದು ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಮಾತ್ರ. ದಾರಿ ಬದಿಯಲ್ಲಿ ಟೆಂಟ್ ಹಾಕುವಂತಿಲ್ಲ, ರೂಮು ಮೊದಲೇ ಬುಕ್ ಮಾಡಿಕೊಳ್ಳಿ.