ಪೋಷಕರ ಕೂಟಕ್ಕೆ ಯಾವ ವಾಕ್ಯ: ಬೆತ್ತದ್ದೋ, ಏಲಿಯದೋ?

ಸಿದ್ದಾಪುರ ಸಂಡೇಸ್ಕೂಲ್: ಆಗಸ್ಟ್‌ನಲ್ಲಿ ತಂದೆತಾಯಂದಿರ ಕೂಟ ಇದೆ, ಆರಾಧನೆ ಮುಗಿದ ಮೇಲೆ 40 ನಿಮಿಷ. ಮಕ್ಕಳನ್ನು ಬೆಳೆಸೋ ಬಗ್ಗೆ 10 ವಾಕ್ಯ ಆರಿಸಿದ್ದೇವೆ. ಮೊದಲನೇದು ಬೈಬಲ್‌ನ ಜ್ಞಾನೋಕ್ತಿ 13:24, ಬೆತ್ತ ಹಿಡಿಯದ ತಂದೆ ಮಗನಿಗೆ ಶತ್ರು ಅನ್ನೋದು. ಆಮೇಲೆ 22:6, ನಡೆಯಬೇಕಾದ ದಾರಿಯಲ್ಲಿ ಮಗುವನ್ನು ಪಳಗಿಸಿದರೆ ಮುಪ್ಪಿನಲ್ಲೂ ಅದನ್ನು ಬಿಡದು ಅನ್ನೋದು. ಈ ಪಟ್ಟಿ ಸರಿಯೇ?

ಮೂರ್ನಾಡು ಮೇಷ್ಟ್ರು: ಹತ್ತು ಜಾಸ್ತಿ ಆಯ್ತು. ವಾಕ್ಯಕ್ಕೆ ನಾಲ್ಕು ನಿಮಿಷ ಸಿಗುತ್ತೆ, ಅಷ್ಟರಲ್ಲಿ ಪುಟ ಹುಡುಕೋದೇ ಆಗೋದು. ಮೊದಲನೇ ವಾಕ್ಯ ಬೆತ್ತದ್ದಾದರೆ ಉಳಿದ ಒಂಬತ್ತು ಯಾರ ಕಿವಿಗೂ ಹೋಗಲ್ಲ. ಅಪ್ಪಂದಿರು ಮನೆಗೆ ಒಯ್ಯೋದು ಅದೊಂದೇ.

ವಿರಾಜಪೇಟೆ ಜಪಸರ: ಆ ಬೆತ್ತ ಹೊಡೆಯೋಕಲ್ಲ ಅಂತ ಹೇಳಿಬಿಡಿ ಅಕ್ಕ. ಹೀಬ್ರೂನಲ್ಲಿ ಅಲ್ಲಿರೋ ಪದ ‘ಶೇವೆತ್’. 23ನೇ ಕೀರ್ತನೆಯಲ್ಲಿ ಕುರುಬನ ಕೈಲಿ ಇರೋದೂ ಅದೇ, ಅಲ್ಲಿ ಅದು ಧೈರ್ಯ ಕೊಡುತ್ತೆ. ಕುರಿ ಎಣಿಸೋ ಕೋಲೂ ಶೇವೆತ್ತೇ, ಯಾಜಕಕಾಂಡ 27:32.

ಮೂರ್ನಾಡು ಮೇಷ್ಟ್ರು: ಇಲ್ಲಿ ಜಾರಬೇಡಿ ಸರ್. ಜ್ಞಾನೋಕ್ತಿ 23:13 ಬೆತ್ತದಿಂದ ಹೊಡೆದರೆ ಸಾಯಲ್ಲ ಅಂತ ನೇರವಾಗೇ ಹೇಳುತ್ತೆ, ಅಲ್ಲೂ ಶೇವೆತ್. ವಿಮೋಚನಕಾಂಡ 21:20ರಲ್ಲಿ ಆಳು ಸಾಯೋ ಹಾಗೆ ಹೊಡೆದ ಕೋಲೂ ಅದೇ. ಬರೆದವರು ಹೊಡೆತವನ್ನೇ ಮನಸ್ಸಲ್ಲಿಟ್ಟು ಬರೆದಿದ್ದಾರೆ. ಕುರುಬನ ಕೋಲು ಅಂತ ತೇಪೆ ಹಾಕಿದರೆ ಮುಂದಿನ ವಾಕ್ಯ ಓದಿದವನೊಬ್ಬ ಎದ್ದು ನಿಂತಾಗ ಉತ್ತರ ಇರಲ್ಲ. ಆ ವಾಕ್ಯದ ಪಕ್ಕ ಇನ್ನೇನಿದೆ ಅಂತ ತೋರಿಸೋದೇ ಸರಿ. 13:24ರ ಎರಡನೇ ಅರ್ಧದಲ್ಲಿ, ಪ್ರೀತಿಸೋ ತಂದೆ ‘ಚೆನ್ನಾಗಿ ಶಿಕ್ಷಿಸುತ್ತಾನೆ’ ಅಂತ ಬರೋ ಕಡೆ ಇರೋ ಪದ ‘ಮೂಸಾರ್’, ತಿದ್ದಿ ಕಲಿಸೋದು. ಜ್ಞಾನೋಕ್ತಿ 1:8ರಲ್ಲಿ ತಂದೆಯ ಬೋಧನೆ ಕೇಳು ಅನ್ನೋದೂ ಮೂಸಾರ್. ಅಲ್ಲಿ ಕೆಲಸ ಪೂರಾ ಬಾಯಿಂದ, ಕೈ ಇಲ್ಲ.

  

ಪಾಲಿಬೆಟ್ಟ ಒಳ್ಳೆಮೆಣಸು: ಎರಡೇಟು ಕೊಟ್ಟರೆ ಏನಾಗುತ್ತೆ? ಈಗಿನ ಮಕ್ಕಳು ಕೆಟ್ಟಿರೋದೇ ಹೊಡೆಯದೆ.

ಮಡಿಕೇರಿ ಕರಿಕೋಟು: ಸಂಡೇಸ್ಕೂಲಿನವರು ಇದನ್ನು ತಿಳಿದಿರಬೇಕು. ಶಾಲೆಯಲ್ಲಿ ಹೊಡೆಯೋದನ್ನು, ಮನಸ್ಸಿಗೆ ಹಿಂಸೆ ಕೊಡೋದನ್ನು ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ನಿಷೇಧಿಸಿದೆ. ಬಾಲನ್ಯಾಯ ಕಾಯ್ದೆ 2015ರ 75ನೇ ಕಲಂ ಮಗು ಯಾರ ವಶದಲ್ಲಿದೆಯೋ ಅವರಿಗೆ ಅನ್ವಯ: ಅನಗತ್ಯ ನೋವಾಗೋ ಹಾಗೆ ಹಲ್ಲೆ ಮಾಡಿದರೆ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಜ್ಞಾನೋಕ್ತಿ ತೋರಿಸಿದರೆ ಕೋರ್ಟು ಬಿಡಲ್ಲ.

ಮೂರ್ನಾಡು ಮೇಷ್ಟ್ರು: ಒಳ್ಳೆಮೆಣಸು ಅವರೇ, ಬೈಬಲ್‌ನಲ್ಲಿ ಮಕ್ಕಳು ಕೆಟ್ಟಿದ್ದು ಹೇಗೆ ಅಂತ ನೋಡಿ. 1 ಸಮುವೇಲ 2. ಯಾಜಕ ಏಲಿಯ ಮಕ್ಕಳು ಹೊಫ್ನಿ, ಫೀನೆಹಾಸ. ಜನ ಬಲಿ ಕೊಟ್ಟ ಮಾಂಸ ಬೇಯುತ್ತಿರುವಾಗ ಇವರ ಆಳು ಮೂರು ಹಲ್ಲಿನ ಮುಳ್ಳು ಹಿಡಿದು ಬಂದು ಹಂಡೆಗೆ ಚುಚ್ಚಿ, ಸಿಕ್ಕಷ್ಟು ಎತ್ತಿಕೊಂಡು ಹೋಗುತ್ತಾನೆ. ಕೊಬ್ಬು ಸುಡೋ ಮೊದಲೇ ಹಸಿ ಮಾಂಸ ಕೊಡಿ, ಇಲ್ಲದಿದ್ದರೆ ಕಿತ್ತುಕೊಳ್ಳುತ್ತೀನಿ ಅಂತ ಬೆದರಿಸುತ್ತಾನೆ. ಏಲಿ ಸುಮ್ಮನಿದ್ದನೇ? ಇಲ್ಲ, 23ರಿಂದ 25ರವರೆಗೆ ಬೈದೇ ಬೈಯುತ್ತಾನೆ. ಆದರೆ ಹುದ್ದೆಯಿಂದ ಇಳಿಸಲಿಲ್ಲ. 29ನೇ ವಚನ ಇನ್ನೂ ಖಾರ: ಆ ಕಾಣಿಕೆಯ ಒಳ್ಳೊಳ್ಳೆ ಪಾಲು ತಿಂದು ಕೊಬ್ಬಿದ್ದೀರಿ ಅಂತ ಅಪ್ಪನನ್ನೂ ಸೇರಿಸಿಯೇ ಹೇಳುತ್ತೆ. ಮಗ ತಂದ ತಪ್ಪು ದುಡ್ಡಲ್ಲಿ ಉಣ್ಣುತ್ತಾ ಮಗನಿಗೇ ಬುದ್ಧಿ ಹೇಳಿದರೆ ಅವನು ಯಾಕೆ ಕೇಳಬೇಕು?

ವಿರಾಜಪೇಟೆ ಜಪಸರ: ಅರಸ ದಾವೀದನದು ಇದರ ತಿರುಗುಮುರುಗು. ಮಲಅಣ್ಣನನ್ನು ಕೊಲ್ಲಿಸಿದ ಮಗ ಅಬ್ಷಾಲೋಮನ ಜತೆ ಮಾತೇ ಬಿಟ್ಟ. 2 ಸಮುವೇಲ 14ರಲ್ಲಿ ಮಗ ಎರಡು ವರ್ಷ ಅದೇ ಯೆರೂಸಲೇಮಿನಲ್ಲಿದ್ದರೂ ಅಪ್ಪನ ಮುಖ ನೋಡೋ ಹಾಗಿಲ್ಲ. ಕೊನೆಗೆ ಅಪ್ಪನ ಸೇನಾಪತಿ ಯೋವಾಬನ ಜವೆಗೋಧಿ ಹೊಲಕ್ಕೆ ಬೆಂಕಿ ಇಡಿಸಿದ, ಯಾರಾದರೂ ತಿರುಗಿ ನೋಡಲಿ ಅಂತ. ಅಪ್ಪ ಕರೆಸಿ ಮುತ್ತಿಟ್ಟ, ಆದರೆ ಆದದ್ದರ ಬಗ್ಗೆ ಇಬ್ಬರೂ ಮಾತಾಡಿದರು ಅಂತ ಅಲ್ಲಿ ಒಂದು ಸಾಲೂ ಇಲ್ಲ. ಮುಂದಿನ ಅಧ್ಯಾಯ ದಂಗೆ. ಮನೇಲಿ ವಾರಗಟ್ಟಲೆ ಮುಖ ಉಬ್ಬಿಸಿಕೊಂಡು ಕೂರೋ ಅಪ್ಪಂದಿರಿಗೆ ಬೆತ್ತಕ್ಕಿಂತ ಇದು ತಾಗುತ್ತೆ.

ಸಿದ್ದಾಪುರ ಸಂಡೇಸ್ಕೂಲ್: 22:6 ಆದರೂ ಇರಲಿ? ಎಲ್ಲರಿಗೂ ಬಾಯಿಪಾಠ ಇರೋದು ಅದು.

ಮೂರ್ನಾಡು ಮೇಷ್ಟ್ರು: ಇರಲಿ, ಆದರೆ ಜೋಪಾನ. ಅದು ಗಾದೆಯ ಜಾತಿಗೆ ಸೇರಿದ್ದು, ಬಾಂಡ್ ಪೇಪರ್ ಅಲ್ಲ. ಮಗ ಕುಡಿತಕ್ಕೆ ಬಿದ್ದ ತಾಯಿ ಅದೇ ಸಭೇಲಿ ಕೂತಿರುತ್ತಾಳೆ. ನೀನು ಸರಿಯಾಗಿ ಬೆಳೆಸಲಿಲ್ಲ ಅಂತಲೇ ಅವಳಿಗೆ ಕೇಳುತ್ತೆ. ಜತೆಗೆ 1 ಸಮುವೇಲ 8:3 ಓದಿ. ಏಲಿಯ ಮನೇಲಿ ಬೆಳೆದೂ ಕೆಡದ ಸಮುವೇಲನ ಮಕ್ಕಳೇ ಲಂಚ ತಿಂದರು. ಎಫೆಸ 6:4 ಮಾತ್ರ ಬಿಡಬೇಡಿ. ತಂದೆಯ ಮಾತಿಗೆ ಎದುರಿಲ್ಲದ ರೋಮನ್ ಕಾಲದಲ್ಲಿ ಆ ಪತ್ರ ತಂದೆಗೇ ಹೇಳುತ್ತೆ, ಮಕ್ಕಳನ್ನು ರೇಗಿಸಬೇಡ ಅಂತ. ಕೊಲೊಸ್ಸೆ 3:21 ಕಾರಣ ಕೊಡುತ್ತೆ: ಅವರ ಮನಸ್ಸು ಕುಂದುತ್ತೆ.

ಪಾಲಿಬೆಟ್ಟ ಒಳ್ಳೆಮೆಣಸು: ಸರಿ ಮೇಷ್ಟ್ರೇ, ಏಲಿ ವಿಷಯಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದರೆ ಮನೆಗೆ ಹೋಗಿ ಮಾಡೋದು ಏನು? ಕಥೆ ಕೇಳಿ ಎದ್ದು ಬರೋದಾ?

ವಿರಾಜಪೇಟೆ ಜಪಸರ: ಧರ್ಮೋಪದೇಶಕಾಂಡ 6:7. ನಾಲ್ಕು ಹೊತ್ತು ಹೇಳಿದೆ: ಮನೇಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ನಾಲ್ಕೂ ಮಾಡಿ ಅಂದರೆ ಒಂದೂ ಆಗಲ್ಲ. ಒಬ್ಬೊಬ್ಬರು ಒಂದು ಹೊತ್ತು ಆರಿಸಿ ಚೀಟಿಲಿ ಬರೆದುಕೊಳ್ಳಲಿ. ಕಾಫಿ ಕೊಯ್ಲಿನ ಡಿಸೆಂಬರ್, ಜನವರಿ ತಿಂಗಳಲ್ಲಿ ತೋಟದ ಲೈನ್ ಮನೆಗಳ ಕೆಲಸಗಾರರಿಗೆ ಉಳಿಯೋದು ಮಲಗೋ ಹೊತ್ತೊಂದೇ. ಬಸ್‌ಸ್ಟಾಪಿಗೆ ಮಗು ಜತೆ ನಡೆಯೋರು ದಾರಿ ಆರಿಸಲಿ. 6:20 ಕೂಡ ನೋಡಿ, ಅಲ್ಲಿ ಪ್ರಶ್ನೆ ಕೇಳೋದು ಮಗ. ಅಪ್ಪ ಉತ್ತರ ಶುರು ಮಾಡೋದು ‘ನಾವು ಐಗುಪ್ತದಲ್ಲಿ ಗುಲಾಮರಾಗಿದ್ದೆವು’ ಅಂತ ಮನೆತನದ ಕಥೆಯಿಂದ, ನಿಯಮದಿಂದಲ್ಲ.

ಮೂರ್ನಾಡು ಮೇಷ್ಟ್ರು: ಹಾಗಾದರೆ ಲೆಕ್ಕ ಹೀಗಿರಲಿ. 1 ಸಮುವೇಲ 2:12–17, 22–29 ಒಬ್ಬರೇ ಗಟ್ಟಿಯಾಗಿ ಓದೋಕೆ 7 ನಿಮಿಷ. ‘ಏಲಿ ಏನು ಮಾಡಿದ, ಏನು ಮಾಡಲಿಲ್ಲ, ಯಾಕೆ?’ ಅಂತ ಮೂರೇ ಪ್ರಶ್ನೆ, 20 ನಿಮಿಷ. ಎಫೆಸಕ್ಕೆ 5. ಉಳಿದದ್ದು ಚೀಟಿಗೆ. ಮಕ್ಕಳು ಬೇರೆ ಕೋಣೇಲಿರಲಿ. ಮಗು ಎದುರಿಗಿದ್ದರೆ ಯಾವ ಅಪ್ಪನೂ ಬಾಯಿ ಬಿಡಲ್ಲ. ಪೋಷಕರ ಕೈಲಿ ಕನ್ನಡ ಓದಿಸಬೇಡಿ, ಮಲಯಾಳ, ತಮಿಳು ಮಾತ್ರ ಓದೋರಿಗೆ ಮುಜುಗರ ಆಗುತ್ತೆ. ಅವರವರ ಬೈಬಲ್ ತರಲಿ, ಅಧ್ಯಾಯ ವಚನದ ಸಂಖ್ಯೆ ಒಂದೇ.

ಸಿದ್ದಾಪುರ ಸಂಡೇಸ್ಕೂಲ್: 13:24 ತೆಗೆದೆವು. ಯಾರಾದರೂ ಎದ್ದು ಕೇಳಿದರೆ?

ಮೂರ್ನಾಡು ಮೇಷ್ಟ್ರು: ಕೇಳೇ ಕೇಳ್ತಾರೆ. ಇದೆ ಅಂತ ಒಪ್ಪಿಕೊಳ್ಳಿ, ಕರಿಕೋಟು ಬರೆದ ಕಲಂ ಓದಿ, ಧರ್ಮೋಪದೇಶಕಾಂಡ 21:18 ತೆಗೆಸಿ. ಹಟಮಾರಿ ಮಗನಿಗೆ ಅಲ್ಲಿ ಮರಣದಂಡನೆ, ಆದರೆ ತೀರ್ಪು ಅಪ್ಪನ ಕೈಲಿಲ್ಲ. ತಂದೆತಾಯಿ ಇಬ್ಬರೂ ಊರ ಹಿರಿಯರ ಮುಂದೆ ಬರಬೇಕು. ಅಂಥ ಮಗ ಇರಲೇ ಇಲ್ಲ, ಇರೋದೂ ಇಲ್ಲ ಅನ್ನೋ ಮಾತು ಯೆಹೂದ್ಯ ಗುರುಗಳ ಧರ್ಮಚರ್ಚೆಯ ಗ್ರಂಥ ತಾಲ್ಮುದ್‌ನಲ್ಲೇ ಇದೆ. ಪ್ರೊಜೆಕ್ಟರ್ ನಂಬಬೇಡಿ ಅಕ್ಕ, ಆಗಸ್ಟ್ ಮಳೆಗೆ ಕರೆಂಟ್ ಹೋಗುತ್ತೆ. ಕಪ್ಪುಹಲಗೆ ಸಾಕು.