ಬೆಂಗಳೂರು ಮಾತ್ರ ಕಡುಗೆಂಪು, ಉಳಿದ ಕರ್ನಾಟಕವೆಲ್ಲ ಬಿಳಿ: ಜನಸಾಂದ್ರತೆಯ ನಕ್ಷೆಯಲ್ಲಿ ಎಡವಟ್ಟಾಗುತ್ತಿರುವುದು ಎಲ್ಲಿ?

ಗದಗದ ಶಿಕ್ಷಕಿ (ಪ್ರಶ್ನೆ)

ಮಾನ್ಯರೇ,

ನಮ್ಮ ಪ್ರೌಢಶಾಲೆಯ ಸಮಾಜ ವಿಜ್ಞಾನದ ಕೊಠಡಿಯಲ್ಲಿ ತೂಗುಹಾಕುವ ಸಲುವಾಗಿ, 2011ರ ಜನಗಣತಿಯ ಅಂಕಿಗಳನ್ನು ಆಧರಿಸಿ ಕರ್ನಾಟಕದ ಜಿಲ್ಲಾವಾರು ಜನಸಾಂದ್ರತೆಯ ನಕ್ಷೆಯೊಂದನ್ನು ಕ್ಯೂಜಿಐಎಸ್ ತಂತ್ರಾಂಶದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಅಂಕಿಗಳ ಪಟ್ಟಿಯೂ ಜಿಲ್ಲಾ ಗಡಿಗಳ ಕಡತವೂ ಅಂತರಜಾಲದಲ್ಲಿ ಸುಲಭವಾಗಿಯೇ ದೊರೆತವು. ಆದರೆ ಅವೆರಡನ್ನೂ ಜೋಡಿಸಿದಾಗ ಮೂಡಿದ ನಕ್ಷೆಯನ್ನು ಮಕ್ಕಳ ಮುಂದೆ ಇಡಲು ಧೈರ್ಯ ಬರುತ್ತಿಲ್ಲ.

ಗಡಿಗಳ ಕಡತದಲ್ಲಿ 31 ಜಿಲ್ಲೆಗಳಿವೆ, ಜನಗಣತಿಯ ಪಟ್ಟಿಯಲ್ಲಿ 30. ವಿಜಯನಗರ ಬಣ್ಣವಿಲ್ಲದೆ ಉಳಿಯಿತು, ಅದು ಅರ್ಥವಾಗುತ್ತದೆ. ಆದರೆ ಕಲಬುರಗಿ, ಬೆಳಗಾವಿ, ಮೈಸೂರು ಕೂಡ ಖಾಲಿ ಉಳಿದವು. ಅವುಗಳನ್ನು ಕೈಯಿಂದ ತುಂಬಿದ ಮೇಲೆ, ತಂತ್ರಾಂಶದಲ್ಲಿ ಐದು ಸಮಾನ ವರ್ಗಾಂತರಗಳನ್ನು ಆರಿಸಿಕೊಂಡರೆ ಬೆಂಗಳೂರು ನಗರ ಜಿಲ್ಲೆ ಕಡುಗೆಂಪಾಗಿ, ಉಳಿದ ಇಡೀ ರಾಜ್ಯ ಒಂದೇ ತಿಳಿ ಬಣ್ಣವಾಯಿತು. ಪ್ರತಿ ವರ್ಗದಲ್ಲೂ ಸಮಾನ ಸಂಖ್ಯೆಯ ಜಿಲ್ಲೆಗಳಿರಲಿ ಎಂಬ ಆಯ್ಕೆಯನ್ನು ಒತ್ತಿದರೆ ಬೆಂಗಳೂರು, ಧಾರವಾಡ, ಮೈಸೂರು, ದಕ್ಷಿಣ ಕನ್ನಡಗಳೆಲ್ಲ ಒಂದೇ ಕೆಂಪಿಗೆ ಬಂದು ಕುಳಿತವು. ಅಂಕಿಗಳು ಒಂದೇ ಇರುವಾಗ ಎರಡು ನಕ್ಷೆಗಳು ಎರಡು ಬಗೆಯಾಗಿ ಮಾತನಾಡುವುದಾದರೆ ಯಾವುದನ್ನು ನಂಬಬೇಕು?

ಇನ್ನೊಂದು ಸಂದೇಹವೂ ಇದೆ. ಭಾರತದ ಜನಸಾಂದ್ರತೆ ಚದರ ಕಿಲೋಮೀಟರಿಗೆ 382 ಎಂದು ಜನಗಣತಿ ಹೇಳುತ್ತದೆ. ಆದರೆ ದೇಶದ ಜನಸಂಖ್ಯೆಯಾದ 1,21,08,54,977ನ್ನು ವಿಸ್ತೀರ್ಣವಾದ 32,87,263ರಿಂದ ಭಾಗಿಸಿದರೆ ನನಗೆ ಸಿಗುವುದು 368. ಈ ವ್ಯತ್ಯಾಸ ಎಲ್ಲಿಂದ ಬಂತು?

ಕೂಡ್ಲಿಗಿಯವ

ವಿಜಯನಗರ ನಮ್ಮದೇ ಜಿಲ್ಲೆಯಾದ್ದರಿಂದ ಖಾಲಿ ಜಿಲ್ಲೆಗಳ ವಿಷಯವನ್ನು ನಾನು ತೆಗೆದುಕೊಳ್ಳುತ್ತೇನೆ.

ಕಲಬುರಗಿ ಮತ್ತು ಬೆಳಗಾವಿ ಖಾಲಿ ಉಳಿದದ್ದಕ್ಕೆ ಕಾರಣ ಸರಳವಾದದ್ದು. ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಜನಗಣತಿಯ ಪಟ್ಟಿ ಅದಕ್ಕಿಂತ ಹಳೆಯದು, ಅಲ್ಲಿ ಇನ್ನೂ ಗುಲ್ಬರ್ಗಾ, ಬೆಲ್ಗಾಂ, ಬಿಜಾಪುರ, ಶಿಮೊಗಾ ಎಂದೇ ಇವೆ. ತಂತ್ರಾಂಶಕ್ಕೆ ಇವೆರಡೂ ಒಂದೇ ಊರು ಎಂದು ತಿಳಿಯುವ ದಾರಿಯಿಲ್ಲ. ಹೆಸರಿನ ಮೂಲಕ ಜೋಡಿಸುವುದನ್ನು ಬಿಟ್ಟು, ಜನಗಣತಿಯು ಪ್ರತಿ ಜಿಲ್ಲೆಗೂ ಕೊಟ್ಟಿರುವ ಸಂಕೇತ ಸಂಖ್ಯೆಯ ಮೂಲಕ ಜೋಡಿಸಿದರೆ ಈ ತೊಂದರೆ ಹುಟ್ಟುವುದೇ ಇಲ್ಲ.

ವಿಜಯನಗರದ ಕಥೆ ಮಾತ್ರ ಅಷ್ಟು ಸುಲಭವಲ್ಲ. ಈ ಜಿಲ್ಲೆ ಬಳ್ಳಾರಿಯಿಂದ ಬೇರ್ಪಟ್ಟದ್ದು 2021ರಲ್ಲಿ. ಹಾಗಾದರೆ 2011ರ ಬಳ್ಳಾರಿಯ ತಾಲ್ಲೂಕುಗಳಲ್ಲಿ ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿಗಳನ್ನು ಎತ್ತಿ ಬೇರೆ ಇಟ್ಟರೆ ವಿಜಯನಗರ ಸಿದ್ಧವಾಯಿತು ಎಂದು ತಾವು ಭಾವಿಸಬಹುದು. ಅಂತರಜಾಲದಲ್ಲಿ ಹಾಗೆಯೇ ಬರೆದ ನಕ್ಷೆಗಳನ್ನು ನಾನು ನೋಡಿದ್ದೇನೆ. ಆದರೆ ಇಂದಿನ ವಿಜಯನಗರದಲ್ಲಿ ಹರಪನಹಳ್ಳಿಯೂ ಇದೆ, ಮತ್ತು ಜನಗಣತಿ ನಡೆದಾಗ ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಬಳ್ಳಾರಿಯಿಂದ ಆ ಕಡೆಗೆ ಹೋದ ತಾಲ್ಲೂಕು ಅದು. ಬಳಿಕ ಬಳ್ಳಾರಿಗೆ ಮರಳಿ, ಅಲ್ಲಿಂದ ಹೊಸ ಜಿಲ್ಲೆಗೆ ಸೇರಿತು. ಆದ್ದರಿಂದ ಇಂದಿನ ಗಡಿಗಳಿಗೆ 2011ರ ಅಂಕಿಗಳನ್ನು ತುಂಬಬೇಕಾದರೆ ಬಳ್ಳಾರಿಯನ್ನು ಒಡೆದರೆ ಸಾಲದು, ದಾವಣಗೆರೆಯಿಂದಲೂ ಒಂದು ತಾಲ್ಲೂಕಿನ ಜನರನ್ನೂ ನೆಲವನ್ನೂ ಕಳೆಯಬೇಕು. ಕೊಟ್ಟೂರು ಆಗ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. ಅದರ ಜನ ಕೂಡ್ಲಿಗಿಯ ಲೆಕ್ಕದಲ್ಲಿಯೇ ಇದ್ದಾರೆ.

ಇಷ್ಟು ಶ್ರಮ ಬೇಡವೆನಿಸಿದರೆ 2011ರ ಗಡಿಗಳ ಕಡತವನ್ನೇ ಬಳಸಿ, ನಕ್ಷೆಯ ತಲೆಬರಹದಲ್ಲಿ ‘2011ರ ಗಡಿಗಳು’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ನನ್ನ ಸಲಹೆಯೂ ಇದೇ. ಗಡಿ ಒಂದು ವರ್ಷದ್ದು, ಅಂಕಿ ಇನ್ನೊಂದು ವರ್ಷದ್ದು ಆಗಿರುವ ನಕ್ಷೆಗಿಂತ ಹಳೆಯ ಗಡಿಯ ನಕ್ಷೆಯೇ ಮೇಲು. ಮುಂದಿನ ಜನಗಣತಿ 2027ಕ್ಕೆ ನಿಗದಿಯಾಗಿರುವುದರಿಂದ ಅಲ್ಲಿಯವರೆಗೆ ನಮ್ಮ ಜಿಲ್ಲೆಗೆ ಜನಗಣತಿಯ ನೇರ ಅಂಕಿ ಎಂಬುದೇ ಇಲ್ಲ.

ಅಂಕಿಸಂಖ್ಯೆ

ಬಣ್ಣಗಳ ವಿಷಯಕ್ಕೆ ಬರುತ್ತೇನೆ. ತಮ್ಮ ಎರಡೂ ನಕ್ಷೆಗಳಲ್ಲಿ ತಂತ್ರಾಂಶ ಲೆಕ್ಕ ತಪ್ಪಿಲ್ಲ. ತಾವು ಕೇಳಿದ್ದನ್ನೇ ಮಾಡಿದೆ.

2011ರಲ್ಲಿ ರಾಜ್ಯದ ಅತಿ ಕಡಿಮೆ ಜನಸಾಂದ್ರತೆ ಕೊಡಗಿನದು, ಚದರ ಕಿಲೋಮೀಟರಿಗೆ 135; ಅತಿ ಹೆಚ್ಚು ಬೆಂಗಳೂರು ನಗರ ಜಿಲ್ಲೆಯದು, 4,381. ಈ ಅಂತರವನ್ನು ಐದು ಸಮಭಾಗ ಮಾಡಿದರೆ ಪ್ರತಿ ವರ್ಗದ ಅಗಲ ಸುಮಾರು 849 ಆಗುತ್ತದೆ, ಮೊದಲ ವರ್ಗ 135ರಿಂದ 984ರವರೆಗೆ ಹರಡಿಕೊಳ್ಳುತ್ತದೆ. ಬೆಂಗಳೂರನ್ನು ಬಿಟ್ಟರೆ ಉಳಿದ 29 ಜಿಲ್ಲೆಗಳಲ್ಲಿ ಯಾವುದೂ 500ನ್ನು ದಾಟುವುದಿಲ್ಲವಾದ್ದರಿಂದ ಅವೆಲ್ಲವೂ ಆ ಒಂದೇ ವರ್ಗದಲ್ಲಿ ಬಿದ್ದವು. ನಡುವಿನ ಮೂರು ಬಣ್ಣಗಳು ಸೂಚಿಯಲ್ಲಿ ಮಾತ್ರ ಉಳಿದು ನಕ್ಷೆಯಲ್ಲಿ ಎಲ್ಲಿಯೂ ಕಾಣಿಸಿಕೊಳ್ಳಲಿಲ್ಲ. ಎರಡನೆಯ ವಿಧಾನದಲ್ಲಿ 30 ಜಿಲ್ಲೆಗಳು ಆರಾರರಂತೆ ಐದು ಗುಂಪುಗಳಾದವು, ಆಗ 434 ಇರುವ ಧಾರವಾಡವೂ 4,381 ಇರುವ ಬೆಂಗಳೂರೂ ಒಂದೇ ಗುಂಪಿಗೆ ಸೇರಲೇಬೇಕಾಯಿತು. ಎರಡನೆಯದು ನೋಡಲು ಚೆನ್ನಾಗಿ ಕಾಣುವುದರಿಂದ ಪತ್ರಿಕೆಗಳವರಿಗೆ ಅದೇ ಹೆಚ್ಚು ಪ್ರಿಯ. ನನ್ನ ಮಟ್ಟಿಗೆ, ಹತ್ತು ಪಟ್ಟು ವ್ಯತ್ಯಾಸವನ್ನು ಮುಚ್ಚಿಡುವ ನಕ್ಷೆ ಮೊದಲನೆಯದಕ್ಕಿಂತ ಹೆಚ್ಚು ಅಪಾಯಕಾರಿ. ಮೊದಲನೆಯದು ಕನಿಷ್ಠ ನೋಡಿದ ಕೂಡಲೇ ಅನುಮಾನ ಹುಟ್ಟಿಸುತ್ತದೆ.

ಇಂತಹ ಸಂದರ್ಭದಲ್ಲಿ ವರ್ಗಗಳನ್ನು ತಾವೇ ಕೈಯಿಂದ ಕೊಡುವುದು ಉತ್ತಮ. ಉದಾಹರಣೆಗೆ 150ಕ್ಕಿಂತ ಕಡಿಮೆ, 150ರಿಂದ 250, 250ರಿಂದ 350, 350ರಿಂದ 500, ಮತ್ತು 4,000ಕ್ಕಿಂತ ಹೆಚ್ಚು. 500 ಮತ್ತು 4,000ದ ನಡುವೆ ಯಾವ ಜಿಲ್ಲೆಯೂ ಇಲ್ಲವೆಂಬುದು ಸೂಚಿಯಲ್ಲಿಯೇ ಗೋಚರಿಸುವಂತೆ ಆ ಎರಡು ಪೆಟ್ಟಿಗೆಗಳ ನಡುವೆ ಖಾಲಿ ಜಾಗ ಬಿಡಿ. ಆಗ ಮೊದಲ ವರ್ಗದಲ್ಲಿ ಕೊಡಗು ಮತ್ತು ಉತ್ತರ ಕನ್ನಡ ಮಾತ್ರ ನಿಲ್ಲುತ್ತವೆ, ಮತ್ತು ಏಕೆ ಆ ಎರಡೇ ಎಂದು ಮಕ್ಕಳು ತಾವಾಗಿಯೇ ಕೇಳುತ್ತಾರೆ.

ಆದರೆ ಒಂದು ಎಚ್ಚರಿಕೆ ಬೇಕು. ಉತ್ತರ ಕನ್ನಡದ 140 ಎಂಬ ಅಂಕಿಯನ್ನು ಜಿಲ್ಲೆಯ ತುಂಬ ಸಮನಾಗಿ ಬಳಿದಾಗ, ಕಾರವಾರದಿಂದ ಭಟ್ಕಳದವರೆಗಿನ ಒತ್ತೊತ್ತಾದ ಕರಾವಳಿಯೂ ಜೋಯಿಡಾದ ಕಾಡೂ ಒಂದೇ ಬಣ್ಣ ಪಡೆಯುತ್ತವೆ. ಚದರ ಕಿಲೋಮೀಟರಿಗೆ 140 ಜನರಂತೆ ಹರಡಿಕೊಂಡು ಬದುಕುವ ಊರು ಆ ಜಿಲ್ಲೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಛಾಯೆಯ ಏರಿಳಿತದಿಂದ ಅಂಕಿಗಳನ್ನು ತೋರಿಸುವ ಈ ಪದ್ಧತಿಯನ್ನು ಫ್ರಾನ್ಸಿನ ಚಾರ್ಲ್ಸ್ ಡ್ಯುಪ್ಯಾಂ 1826ರಲ್ಲಿ ಶಿಕ್ಷಣದ ಸ್ಥಿತಿಗತಿಯನ್ನು ತೋರಿಸಲು ಬಳಸಿದಾಗಿನಿಂದಲೂ ಈ ದೋಷ ಅದರ ಜೊತೆಗೇ ಬಂದಿದೆ. ತಾಲ್ಲೂಕುವಾರು ಅಂಕಿ ಹಾಕಿದರೆ ದೋಷ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಪಟ್ಟಿಯೇ ಸಾಕು

ಇಷ್ಟೆಲ್ಲ ಕಸರತ್ತು ಏಕೆಂದು ನನಗೆ ಅರ್ಥವಾಗುತ್ತಿಲ್ಲ. 30 ಜಿಲ್ಲೆಗಳ ಹೆಸರು ಮತ್ತು ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಯಾರೂ ಮೋಸಹೋಗುವುದಿಲ್ಲ.

ಅಂಕಿಸಂಖ್ಯೆ

ಜನಸಾಂದ್ರತೆಯ ಮಟ್ಟಿಗೆ ತಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಆದರೆ ಸಾಕ್ಷರತೆಯ ಪಟ್ಟಿಯನ್ನು ನೋಡಿ: ದಕ್ಷಿಣ ಕನ್ನಡ ಶೇ. 88.57, ಯಾದಗಿರಿ ಶೇ. 51.83. ಇಳಿಕೆಯ ಕ್ರಮದಲ್ಲಿ ಬರೆದಾಗ ಕೊನೆಯಲ್ಲಿ ಬರುವ ಯಾದಗಿರಿಯೂ ಅದರ ಮೇಲಿನ ರಾಯಚೂರೂ ಒಂದಕ್ಕೊಂದು ಅಂಟಿಕೊಂಡ ಜಿಲ್ಲೆಗಳು, ಎರಡೂ ಹಿಂದಿನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು ಎಂಬುದು ಪಟ್ಟಿಯಲ್ಲಿ ಕಾಣುವುದಿಲ್ಲ. ಅಕ್ಕಪಕ್ಕದ ಸಂಬಂಧ ಮುಖ್ಯವಾದಾಗ ನಕ್ಷೆ ಬೇಕು, ಇಲ್ಲದಿದ್ದರೆ ಪಟ್ಟಿ ಸಾಕು.

ನಿವೃತ್ತ ಮೋಜಣಿದಾರ

382 ಮತ್ತು 368ರ ವ್ಯತ್ಯಾಸವನ್ನು ಗುರುತಿಸಿದ್ದಕ್ಕೆ ಮೇಡಂ ಅವರನ್ನು ಅಭಿನಂದಿಸುತ್ತೇನೆ, ಏಕೆಂದರೆ ಹೆಚ್ಚಿನವರು ಭಾಗಾಕಾರ ಮಾಡಿ ನೋಡುವುದೇ ಇಲ್ಲ.

ದೇಶದ ವಿಸ್ತೀರ್ಣವೆಂದು ಮುದ್ರಿಸುವ 32,87,263 ಚದರ ಕಿಲೋಮೀಟರಿನಲ್ಲಿ ಪಾಕಿಸ್ತಾನ ಮತ್ತು ಚೀನಾದ ಅಕ್ರಮ ಸ್ವಾಧೀನದಲ್ಲಿರುವ ಜಮ್ಮು ಮತ್ತು ಕಾಶ್ಮೀರದ ಭಾಗಗಳೂ ಸೇರಿವೆ. ಅವು ಒಟ್ಟು 1,20,849 ಚದರ ಕಿಲೋಮೀಟರು. ಅಲ್ಲಿ ನಮ್ಮ ಗಣತಿದಾರರು ಹೋಗಿ ಜನರನ್ನು ಎಣಿಸಿಲ್ಲ. ಆದ್ದರಿಂದ ಜನಸಾಂದ್ರತೆಯನ್ನು ಲೆಕ್ಕ ಹಾಕುವಾಗ ಜನಗಣತಿಯು ಆ ನೆಲವನ್ನೂ ಬಿಟ್ಟು ಉಳಿದ 31,66,414ರಿಂದ ಭಾಗಿಸುತ್ತದೆ, ಉತ್ತರ 382 ಬರುತ್ತದೆ. ಇದು ಅತ್ಯಂತ ಸರಿಯಾದ ಕ್ರಮ, ಪಟ್ಟಿಯ ಅಡಿಟಿಪ್ಪಣಿಯಲ್ಲಿ ಅದನ್ನು ಹೇಳಿಯೂ ಇರುತ್ತಾರೆ. ತೊಡಕು ಹುಟ್ಟುವುದು ನಕ್ಷೆ ಬರೆಯುವಾಗ. ಸರ್ವೇ ಆಫ್ ಇಂಡಿಯಾದ ನಕ್ಷೆಗೆ ಹೊಂದದ ಭಾರತದ ನಕ್ಷೆಯನ್ನು ಪ್ರಕಟಿಸುವುದು ಕಾನೂನಿನ ಪ್ರಕಾರ ಅಪರಾಧವಾದ್ದರಿಂದ ಹೊರಗಡಿಯನ್ನು ಪೂರ್ಣವಾಗಿಯೇ ಬರೆಯಬೇಕು, ಬರೆಯುತ್ತೇವೆ ಕೂಡ. ಆಗ ಆಗಿನ ಜಮ್ಮು ಮತ್ತು ಕಾಶ್ಮೀರ ರಾಜ್ಯದ 124 ಎಂಬ ಸಾಂದ್ರತೆಯ ಬಣ್ಣ, ಆ ಅಂಕಿಯನ್ನು ಹುಟ್ಟಿಸಿದ ನೆಲದ ಎರಡು ಪಟ್ಟಿಗಿಂತ ಹೆಚ್ಚು ಜಾಗದ ಮೇಲೆ ಹರಡಿಕೊಳ್ಳುತ್ತದೆ. ರಾಜ್ಯದ ಪೂರ್ಣ ವಿಸ್ತೀರ್ಣವಾದ 2,22,236ರಿಂದ ಭಾಗಿಸಿದ್ದರೆ ಬರುತ್ತಿದ್ದದ್ದು 56 ಮಾತ್ರ. ಎಣಿಕೆ ನಡೆಯದ ಭಾಗಕ್ಕೆ ಬಣ್ಣದ ಬದಲು ಓರೆಗೆರೆಗಳನ್ನು ಹಾಕಿ ‘ಅಂಕಿ ಲಭ್ಯವಿಲ್ಲ’ ಎಂದು ಸೂಚಿಯಲ್ಲಿ ಬರೆದರೆ ಗಡಿಯೂ ಸರಿಯಿರುತ್ತದೆ, ಅಂಕಿಯೂ ಸರಿಯಿರುತ್ತದೆ. ಬಿಳಿ ಬಿಡಬೇಡಿ, ಬಿಳಿಯನ್ನು ಜನ ಸೊನ್ನೆಯೆಂದು ಓದುತ್ತಾರೆ. ಹಳೆಯ ದಶಕಗಳ ನಕ್ಷೆ ಬರೆಯುವುದಾದರೂ ಇದೇ ಉಪಾಯ ಬೇಕಾಗುತ್ತದೆ, ಏಕೆಂದರೆ 1981ರಲ್ಲಿ ಅಸ್ಸಾಮಿನಲ್ಲಿಯೂ 1991ರಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿಯೂ ಜನಗಣತಿಯೇ ನಡೆಯಲಿಲ್ಲ.

ತಾವು ಕೇಳದ ಒಂದು ವಿಷಯವನ್ನೂ ಸೇರಿಸುತ್ತೇನೆ. ಜಿಲ್ಲೆಗಳ ವಿಸ್ತೀರ್ಣವನ್ನು ತಂತ್ರಾಂಶದಿಂದ ಅಳೆದುಕೊಂಡಿದ್ದರೆ ಅದನ್ನು ಅಳಿಸಿ, ಜನಗಣತಿಯ ಪಟ್ಟಿಯಲ್ಲಿರುವುದನ್ನೇ ಹಾಕಿ. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಕ್ರಮಕ್ಕೆ ಪ್ರಕ್ಷೇಪ ಎನ್ನುತ್ತಾರೆ; ಅಂತರಜಾಲದ ನಕ್ಷೆಗಳು ಬಹುಪಾಲು ಮರ್ಕೇಟರ್ ಪ್ರಕ್ಷೇಪದಲ್ಲಿರುತ್ತವೆ. 1569ರಲ್ಲಿ ನಾವಿಕರಿಗಾಗಿ ರೂಪಿಸಿದ ಆ ಪ್ರಕ್ಷೇಪ ದಿಕ್ಕನ್ನು ಕಾಪಾಡುತ್ತದೆ, ವಿಸ್ತೀರ್ಣವನ್ನು ಕಾಪಾಡುವುದಿಲ್ಲ. ಭಾರತಕ್ಕಿಂತ ಚಿಕ್ಕದಾದ ಗ್ರೀನ್‌ಲ್ಯಾಂಡ್ ಅದರಲ್ಲಿ ಆಫ್ರಿಕಾಕ್ಕೆ ಸರಿಸಾಟಿಯಾಗಿ ಕಾಣುವ ವಿಷಯ ಎಲ್ಲರಿಗೂ ತಿಳಿದದ್ದೇ. ನಮ್ಮ ರಾಜ್ಯ ಸಮಭಾಜಕಕ್ಕೆ ಹತ್ತಿರವಿರುವುದರಿಂದ ಕಣ್ಣಿಗೆ ಏನೂ ತೋರುವುದಿಲ್ಲ, ಆದರೆ ಆ ಪ್ರಕ್ಷೇಪದ ಹಾಳೆಯ ಮೇಲೆಯೇ ಅಳೆದರೆ ಬೀದರ್ ಜಿಲ್ಲೆ ಸುಮಾರು ಶೇ. 10ರಷ್ಟು ದೊಡ್ಡದಾಗಿ, ಚಾಮರಾಜನಗರ ಶೇ. 4ರಿಂದ 5ರಷ್ಟು ದೊಡ್ಡದಾಗಿ ಸಿಗುತ್ತದೆ, ಸಾಂದ್ರತೆ ಅಷ್ಟರಮಟ್ಟಿಗೆ ಇಳಿಯುತ್ತದೆ. ಇಡೀ ಭಾರತದ ನಕ್ಷೆಯಲ್ಲಿ ಲಡಾಖ್ ಒಂದೂವರೆ ಪಟ್ಟಿನ ಹತ್ತಿರ ಉಬ್ಬುತ್ತದೆ. ಛಾಯೆಯ ನಕ್ಷೆಗೆ ಸಮವಿಸ್ತೀರ್ಣ ಪ್ರಕ್ಷೇಪವನ್ನೇ ಆರಿಸಿಕೊಳ್ಳಿ.

ಗದಗದ ಶಿಕ್ಷಕಿ

ಎಲ್ಲರಿಗೂ ಧನ್ಯವಾದಗಳು. 2011ರ ಗಡಿಗಳನ್ನೇ ಉಳಿಸಿಕೊಂಡು, ವರ್ಗಗಳನ್ನು ಕೈಯಿಂದ ಕೊಟ್ಟು ಹೊಸದಾಗಿ ಬರೆಯುತ್ತೇನೆ. ಹರಪನಹಳ್ಳಿಯ ಕಥೆಯನ್ನು ತರಗತಿಯಲ್ಲಿ ಪ್ರತ್ಯೇಕವಾಗಿ ಹೇಳುವ ಆಸೆಯೂ ಇದೆ. ಕೊನೆಯದಾಗಿ ಇನ್ನೊಂದು ಪ್ರಶ್ನೆ: ಸಾಂದ್ರತೆಯ ಪಕ್ಕದಲ್ಲಿ ಜಿಲ್ಲೆಗಳ ಒಟ್ಟು ಜನಸಂಖ್ಯೆಯ ನಕ್ಷೆಯನ್ನೂ ಇಡಬೇಕೆಂದಿದ್ದೇನೆ. ಅದಕ್ಕೂ ಇದೇ ಬಗೆಯ ಛಾಯೆ ಹಾಕಬಹುದೇ?

ಅಂಕಿಸಂಖ್ಯೆ

ಹಾಕಬೇಡಿ. ಒಟ್ಟು ಸಂಖ್ಯೆಗೆ ಛಾಯೆ ಬಳಿದರೆ ದೊಡ್ಡ ಜಿಲ್ಲೆಯೇ ಗೆಲ್ಲುತ್ತದೆ. 13,415 ಚದರ ಕಿಲೋಮೀಟರಿನ ಬೆಳಗಾವಿ 2,196 ಚದರ ಕಿಲೋಮೀಟರಿನ ಬೆಂಗಳೂರು ನಗರ ಜಿಲ್ಲೆಗಿಂತ ಆರು ಪಟ್ಟು ಹೆಚ್ಚು ಶಾಯಿ ಕುಡಿಯುತ್ತದೆ, ಜನರಾದರೋ ಅದರ ಅರ್ಧದಷ್ಟು. ಚುನಾವಣಾ ಫಲಿತಾಂಶದ ದಿನ ಟಿವಿಯಲ್ಲಿ ಇದನ್ನೇ ಕಾಣುತ್ತೇವೆ: ಲಡಾಖಿನ ಒಂದು ಲೋಕಸಭಾ ಸ್ಥಾನ ನಕ್ಷೆಯ ತಲೆಯ ಭಾಗವನ್ನು ಆವರಿಸಿಕೊಂಡಿರುತ್ತದೆ, ಮುಂಬೈನ ಆರು ಸ್ಥಾನಗಳನ್ನು ಹುಡುಕಬೇಕಾಗುತ್ತದೆ.

ಒಟ್ಟು ಜನಸಂಖ್ಯೆಗೆ ಪ್ರತಿ ಜಿಲ್ಲೆಯ ಮೇಲೆ ವೃತ್ತವನ್ನು ಬರೆಯಿರಿ, ಮತ್ತು ವೃತ್ತದ ತ್ರಿಜ್ಯವನ್ನು ಜನಸಂಖ್ಯೆಗೆ ಅನುಗುಣವಾಗಿ ಅಲ್ಲ, ಜನಸಂಖ್ಯೆಯ ವರ್ಗಮೂಲಕ್ಕೆ ಅನುಗುಣವಾಗಿ ಇಡಿ. ಬೆಂಗಳೂರಿನ 96,21,551 ಜನರು ಕೊಡಗಿನ 5,54,519 ಜನರ 17 ಪಟ್ಟಿಗಿಂತ ಸ್ವಲ್ಪ ಹೆಚ್ಚು. ಆದ್ದರಿಂದ ಕೊಡಗಿನ ವೃತ್ತದ ತ್ರಿಜ್ಯ 5 ಮಿಲಿಮೀಟರ್ ಇದ್ದರೆ ಬೆಂಗಳೂರಿನದು 21 ಮಿಲಿಮೀಟರಿನ ಹತ್ತಿರ ಇರಬೇಕು. ತ್ರಿಜ್ಯವನ್ನೇ 17 ಪಟ್ಟು ಹಿಗ್ಗಿಸಿದರೆ ವೃತ್ತದ ವಿಸ್ತೀರ್ಣ ಸುಮಾರು 300 ಪಟ್ಟಾಗಿ, ಕೋಲಾರ, ರಾಮನಗರ, ತುಮಕೂರುಗಳೆಲ್ಲ ಅದರಡಿಯಲ್ಲಿ ಮುಚ್ಚಿಹೋಗುತ್ತವೆ. ಕ್ಯೂಜಿಐಎಸ್‌ನಲ್ಲಿ ಗಾತ್ರವನ್ನು ನಿಗದಿಪಡಿಸುವ ಸಹಾಯಕದಲ್ಲಿ ತ್ರಿಜ್ಯಕ್ಕೆ ಬದಲು ವಿಸ್ತೀರ್ಣವನ್ನು ಆಧಾರವಾಗಿ ಇಟ್ಟುಕೊಳ್ಳುವ ಆಯ್ಕೆಯಿದೆ. ಅದನ್ನು ಒತ್ತಿದರೆ ವರ್ಗಮೂಲದ ಲೆಕ್ಕವನ್ನು ಅದೇ ಮಾಡಿಕೊಳ್ಳುತ್ತದೆ.